ಹೂ ಮಳೆಯ ಸುಳಿವು: ಚಿಕ್ಕಮಗಳೂರಿನ ಪತ್ತೇದಾರಿ ಹಬ್ಬದ ಆಟದಲ್ಲಿ ನಮಗೆ ಮೋಸ ಆಯ್ತಾ?

ಹಾಸನದ_ಓದುಗ

ಭಾನುವಾರ ಚಿಕ್ಕಮಗಳೂರಿನಲ್ಲಿ ನಡೆದ ಹಳೇ ಪತ್ತೇದಾರಿ ಕಥೆಗಳ ಹಬ್ಬಕ್ಕೆ ಇಲ್ಲಿಂದ ಯಾರ್ಯಾರು ಬಂದಿದ್ದಿರಿ? ಒಂದು ವಿಷಯ ಇತ್ಯರ್ಥ ಆಗಬೇಕಿದೆ. ನಮ್ಮ ಟೇಬಲ್ಲಿನವರು ವಾಪಸ್ ಬರುವಾಗ ಬೇಲೂರಿನ ತನಕ ಇದೇ ಜಗಳ.

ಬಾರದೇ ಇದ್ದವರಿಗೆ ಹೇಳುತ್ತೇನೆ. ಬೆಳಿಗ್ಗೆ ಭಾಷಣ, ಕ್ವಿಜ್, ಹಳೇ ಪುಸ್ತಕದ ಅಂಗಡಿ. ಊಟ ಚೆನ್ನಾಗಿತ್ತು. ಊಟ ಆದ ಮೇಲೆ ಕೊಲೆ. ಅಂದರೆ ಆಟದ ಕೊಲೆ. ಟೇಬಲ್ಲಿಗೊಂದು ಲಕೋಟೆ ಕೊಟ್ಟು, ಒಂದು ಗಂಟೆಯೊಳಗೆ ಕೊಲೆಗಾರನ ಹೆಸರನ್ನೂ ಕಾರಣವನ್ನೂ ಬರೆದುಕೊಡಿ ಎಂದರು.

ಕಥೆ ಇಷ್ಟು. ಟ್ರಂಕ್ ಕಾಲ್ ಕಾಲ. ಗಿರಿ ಕಡೆಯ ಒಂದು ಕಾಫಿ ತೋಟ. ಮಾರ್ಚ್ 29ರ ರಾತ್ರಿ ಬಂಗಲೆಯ ಆಫೀಸು ಕೋಣೆಯಲ್ಲಿ ಸಾಹುಕಾರರು ಸತ್ತು ಬಿದ್ದಿದ್ದಾರೆ. ಸಂಶಯ ನಾಲ್ವರ ಮೇಲೆ: ರೈಟರು (ತೋಟದ ಲೆಕ್ಕ ಬರೆಯುವವರು), ಮೇಸ್ತ್ರಿ, ಅಡುಗೆಯಾಕೆ, ಬೆಂಗಳೂರಿನಲ್ಲಿರುವ ಸೋದರಳಿಯ. ಲಕೋಟೆಯಲ್ಲಿ ನಾಲ್ವರ ಹೇಳಿಕೆ, ಬಂಗಲೆಯ ನಕ್ಷೆ, ಬಟವಾಡೆ ಪುಸ್ತಕದ ಒಂದು ಪುಟ, ಮಳೆ ಪುಸ್ತಕದ ಒಂದು ಪುಟ.

ಬಟವಾಡೆ ಪುಟದಲ್ಲಿ ತಿದ್ದಿದ ಗುರುತು ಇತ್ತು. ನಾವು ರೈಟರ ಹೆಸರು ಬರೆದು ಕೊಟ್ಟೆವು. ಉತ್ತರ ಸೋದರಳಿಯ ಅಂತೆ! ಅವನ ಹೇಳಿಕೆ ಹೀಗಿತ್ತು: "ನಾನು ಕೊನೇ ಸಲ ತೋಟಕ್ಕೆ ಬಂದಿದ್ದು 22ನೇ ತಾರೀಖು. ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು ಘಮ್ ಅನ್ನುತ್ತಿತ್ತು. ಅವತ್ತೇ ಸಂಜೆ ಬಸ್ ಹತ್ತಿದೆ. ಆಮೇಲೆ ಈ ಕಡೆ ತಲೆ ಹಾಕಿಲ್ಲ." ಮಳೆ ಪುಸ್ತಕದ ಪ್ರಕಾರ ಆ ವರ್ಷದ ಮೊದಲ ಮಳೆ ಬಿದ್ದದ್ದು ಮಾರ್ಚ್ 20ಕ್ಕೆ, 1 ಇಂಚು 10 ಸೆಂಟ್, ಅಂದರೆ 1.10 ಇಂಚು. ಕಾಫಿ ಹೂ ಅರಳುವುದು ಮಳೆ ಬಿದ್ದು ಎಂಟು ಹತ್ತು ದಿನಕ್ಕೆ. ಹಾಗಾಗಿ 22ಕ್ಕೆ ಹೂ ಇರಲು ಸಾಧ್ಯವಿಲ್ಲ. ಅವನು ಹೂ ನೋಡಿದ್ದು ಕೊಲೆಯ ದಿನವೇ. ಮುಗೀತು ಕಥೆ.

ನನ್ನ ಪ್ರಶ್ನೆ: ಇದು ನ್ಯಾಯವಾ? ನಾವು ಹಾಸನದವರು. ಆಲೂಗಡ್ಡೆ, ಜೋಳ ಗೊತ್ತು. ಕಾಫಿ ಹೂವಿನ ಲೆಕ್ಕ ತೋಟದವರಿಗೆ ಬಿಟ್ಟು ಯಾರಿಗೆ ಗೊತ್ತಿರುತ್ತದೆ?

ಎಸ್ಟೇಟ್_ರೈಟರ್

ಮೊದಲು ನನ್ನ ಆಕ್ಷೇಪಣೆ ಬರೆದುಕೊಳ್ಳಿ. ಯಾವ ಕಥೆ ತಗೊಂಡರೂ ಎಲ್ಲರ ಬೆರಳು ಮೊದಲು ರೈಟರ ಕಡೆಗೇ ತಿರುಗುತ್ತದೆ. ಬಟವಾಡೆ ಪುಸ್ತಕದಲ್ಲಿ ತಿದ್ದುಪಡಿ ಇದ್ದರೆ ಅದು ಕಳ್ಳತನ ಅಲ್ಲ ಸ್ವಾಮಿ. ಆಳು ಬೆಳಿಗ್ಗೆ ಬಂದು ಮಧ್ಯಾಹ್ನ ಜ್ವರ ಅಂತ ಹೋದರೆ ಹಾಜರಿ ತಿದ್ದದೆ ಇನ್ನೇನು ಮಾಡುವುದು?

ಎರಡನೆಯದು, ನಮ್ಮ ಟೇಬಲ್ಲಿಗೆ ಇದು ಹತ್ತು ನಿಮಿಷದ ಕೆಲಸ. ಸೋದರಳಿಯನ ಹೇಳಿಕೆ ಓದಿ ಪಕ್ಕದಲ್ಲಿದ್ದ ಯಜಮಾನರು ಜೋರಾಗಿ ನಕ್ಕುಬಿಟ್ಟರು. ಅಕ್ಕಪಕ್ಕದ ಟೇಬಲ್ಲಿಗೆ ಗೊತ್ತಾಗುತ್ತದೆ ಅಂತ ಅವರ ಬಾಯಿ ಮುಚ್ಚಿಸುವುದೇ ಕಷ್ಟ ಆಯಿತು.

ಕೊನೇಪುಟ

ನ್ಯಾಯವೇ. ಅನುಮಾನವೇ ಬೇಡ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆ ಬರೆದರು. ಅದರಲ್ಲಿ ಮುಖ್ಯವಾದದ್ದು ಇದು: ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಓದುಗನ ಕಣ್ಣಿಗೂ ಬೀಳಬೇಕು. ಇಲ್ಲಿ ಹೇಳಿಕೆಯೂ ನಿಮ್ಮ ಕೈಯಲ್ಲಿತ್ತು, ಮಳೆ ಪುಟವೂ ಇತ್ತು. ಜೋಡಿಸಲಿಲ್ಲ ಅಷ್ಟೇ.

ಇನ್ನೊಂದು ಮಾತು. ನಾವೆಲ್ಲ ಚಿಕ್ಕಂದಿನಿಂದ ಇಂಗ್ಲಿಷ್ ಪತ್ತೇದಾರಿ ಕಥೆ ಓದಿಕೊಂಡು ಬಂದವರು. ಅವರ ರೈಲಿನ ವೇಳಾಪಟ್ಟಿ, ಸಂಜೆ ಟೀ ಎಷ್ಟು ಗಂಟೆಗೆ, ಉಯಿಲು ಬರೆದವ ಮದುವೆಯಾದರೆ ಹಳೇ ಉಯಿಲು ಏನಾಗುತ್ತದೆ, ಬಟ್ಲರ್ ಯಾವ ಬಾಗಿಲಿನಿಂದ ಬರುತ್ತಾನೆ, ಎಲ್ಲ ಕಲಿತುಕೊಂಡೆವು. ಯಾರೂ ಮೋಸ ಅಂತ ಕೂಗಲಿಲ್ಲ. ನಮ್ಮ ಪಕ್ಕದ ಜಿಲ್ಲೆಯ ಹೂ ಮಳೆ ಬಂದ ತಕ್ಷಣ ಮೋಸ ಆಗಿಬಿಟ್ಟಿತಾ?

ಹಾಸನದ_ಓದುಗ

@ಕೊನೇಪುಟ ಆ ಪುಸ್ತಕಗಳಲ್ಲಿ ಉಯಿಲಿನ ಕಾನೂನನ್ನು ಒಬ್ಬ ವಕೀಲ ಬಂದು ಒಂದು ಸಾಲಿನಲ್ಲಾದರೂ ಹೇಳಿ ಹೋಗುತ್ತಾನೆ. ಲಕೋಟೆಯಲ್ಲಿ ಆ ಒಂದು ಸಾಲು ಇರಲಿಲ್ಲ. ನನ್ನ ತಕರಾರು ಅಷ್ಟೇ. ಮೇಸ್ತ್ರಿಯ ಹೇಳಿಕೆಯಲ್ಲಿ "ಮಳೆ ಬಿದ್ದು ವಾರದ ಮೇಲಾಯ್ತು, ಇನ್ನೇನು ಹೂ ಬರಬೇಕು" ಅಂತ ಸೇರಿಸಿದ್ದರೆ ಏನು ಗಂಟು ಹೋಗುತ್ತಿತ್ತು?

ನೀರ್ದೋಸೆ

ಅದನ್ನು ಸೇರಿಸಿದ್ದರೆ ಮಗುವಿಗೂ ಗೊತ್ತಾಗುತ್ತಿತ್ತು ಮಾರಾಯ್ರೆ.

ಮಾತ್ರೆಚೀಟಿ

ಹಾಸನದವರ ಪರ ನಾನು. ಮೆಡಿಕಲ್ ಸ್ಟೋರ್ ನಡೆಸುವವಳಾಗಿ ಒಂದು ಉದಾಹರಣೆ ಕೊಡುತ್ತೇನೆ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಸಮಯದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದವರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ ಸ್ಟ್ರಿಕ್ನಿನ್ ವಿಷ ಬರುತ್ತದೆ. ಅದನ್ನು ಬಳಸಿದ ರೀತಿಯನ್ನು ಇಂಗ್ಲೆಂಡಿನ ಔಷಧ ತಜ್ಞರ ಪತ್ರಿಕೆಯೇ ಹೊಗಳಿತ್ತು. ಸಾಮಾನ್ಯ ಓದುಗನಿಗೆ ಆ ಕೆಮಿಸ್ಟ್ರಿ ಎಲ್ಲಿ ಗೊತ್ತಿರುತ್ತದೆ? ಗೊತ್ತಿರುವುದಿಲ್ಲ. ಆದರೆ ಕಥೆಯೊಳಗೆ ಅಲ್ಲಲ್ಲಿ ಬೇಕಾದ ಸಾಮಾನು ಇಟ್ಟಿರುತ್ತಾರೆ. ಪೂರ್ತಿ ಹೇಳುವುದಿಲ್ಲ, ಪೂರ್ತಿ ಮುಚ್ಚಿಡುವುದೂ ಇಲ್ಲ. ಕೈಚಳಕ ಇರುವುದೇ ಅಲ್ಲಿ.

ಅಂದ ಹಾಗೆ, ಆ ಸ್ಟ್ರಿಕ್ನಿನ್ ಬರುವುದು ಕಾಸರಕದ ಬೀಜದಿಂದ. ನಮ್ಮ ಕಾಡಿನ ಮರವೇ. ವಿಷ ಇಲ್ಲಿಯದು, ಕೊಲೆ ಮಾತ್ರ ಅಲ್ಲಿಯದು.

ಗಿರಿ_ಕೆಳಗಿನವ

ಎಲ್ಲರೂ ನ್ಯಾಯ ಅನ್ಯಾಯ ಅಂತ ಕೂತಿದ್ದೀರಿ. ನನ್ನ ಪ್ರಕಾರ ಉತ್ತರವೇ ತಪ್ಪು. ನಾವು ಮೂರು ತಲೆಮಾರಿನಿಂದ ತೋಟ ಮಾಡುವವರು.

ಕಾಫಿ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಗಿಡದಲ್ಲೇ ನಿದ್ದೆ ಮಾಡುತ್ತಾ ಇರುತ್ತದೆ. ಅದಕ್ಕೆ ಬೇಕಾದದ್ದು ನೀರು. ಅದು ಆಕಾಶದಿಂದಲೇ ಬರಬೇಕು ಎಂದೇನೂ ಇಲ್ಲ. ರೋಬಸ್ಟಾ ತೋಟದಲ್ಲಿ ಮಳೆಗೆ ಯಾರು ಕಾಯುತ್ತಾರೆ? ಕೆರೆಯಲ್ಲಿ ನೀರಿದ್ದರೆ ಫೆಬ್ರವರಿ, ಮಾರ್ಚಿನಲ್ಲೇ ಪೈಪ್ ಎಳೆದು ಸ್ಪ್ರಿಂಕ್ಲರ್ ಹೊಡೆಸುತ್ತೇವೆ. ಹೊಡೆಸಿದ ಜಾಗದಲ್ಲಿ ಹೂವು, ಪೈಪು ಮುಟ್ಟದ ಜಾಗದಲ್ಲಿ ಬರೀ ಹಸಿರು. ರಸ್ತೆಯಲ್ಲಿ ಹೋಗುವಾಗ ನೋಡಿದ್ದೀರಲ್ಲ, ಒಂದು ಪ್ಲಾಟ್ ಬೆಳ್ಳಗೆ, ಬೇಲಿ ಆಚೆಯ ಪ್ಲಾಟ್ ಸುಮ್ನೆ ನಿಂತಿರುತ್ತದೆ.

ಹಾಗಾಗಿ 20ಕ್ಕೆ ಮಳೆ ಬಿದ್ದರೂ, 12ಕ್ಕೆ ನೀರು ಹೊಡೆಸಿದ್ದರೆ 22ಕ್ಕೆ ಹೂ ಇರಬಹುದು. ಸೋದರಳಿಯ ನಿರಪರಾಧಿ. ಬಿಟ್ಟುಬಿಡಿ ಪಾಪ.

ಹಾಸನದ_ಓದುಗ

ಆಹಾ! ಇದನ್ನೇ ಕಾಯುತ್ತಿದ್ದೆ.

ಎಸ್ಟೇಟ್_ರೈಟರ್

@ಗಿರಿ_ಕೆಳಗಿನವ ಯಜಮಾನರೇ, ಕಥೆಯಲ್ಲಿ "ಗಿರಿ ಕಡೆಯ ತೋಟ" ಅಂತ ಇದೆ. ಆ ಎತ್ತರದಲ್ಲಿ ಅರೇಬಿಕಾ ಅಲ್ವಾ? ಅರೇಬಿಕಾಕ್ಕೆ ಯಾರು ಸ್ಪ್ರಿಂಕ್ಲರ್ ಹೊಡೆಸುತ್ತಾರೆ?

ಗಿರಿ_ಕೆಳಗಿನವ

ಗಿರಿ ಕಡೆ ಅಂದರೆ ಮುಳ್ಳಯ್ಯನಗಿರಿಯ ತುದಿಯಾ? ನಮ್ಮ ತೋಟವನ್ನೂ ಗಿರಿ ಕಡೆ ಅಂತಲೇ ಹೇಳುತ್ತಾರೆ. ಮೇಲಿನ ಪ್ಲಾಟ್ ಅರೇಬಿಕಾ, ಕೆಳಗೆ ಹಳ್ಳದ ಪಕ್ಕ ರೋಬಸ್ಟಾ. ಯಾವ ತಳಿ ಅಂತ ಲಕೋಟೆಯಲ್ಲಿ ಬರೆದಿದ್ದರಾ?

ಸುಮ್ನೆ_ಬಂದೆ

ನಾನು ಪುಸ್ತಕದ ಅಂಗಡಿಗೆ ಅಂತ ಬಂದವನು. ಈಗ ಈ ಕೊಲೆ ಕೇಸಿನಲ್ಲಿ ಸಾಕ್ಷಿ ಆಗುವ ಲಕ್ಷಣ ಕಾಣುತ್ತಿದೆ. ಬೆಳಿಗ್ಗೆಯ ಭಾಷಣ ಯಾರಾದರೂ ಕೇಳಿದಿರಾ? ಬಸ್ಸು ಬೇಲೂರಿನಲ್ಲಿ ಅರ್ಧ ಗಂಟೆ ನಿಂತು ನನಗೆ ತಪ್ಪಿಹೋಯಿತು.

ಹಳೇಪೇಪರ್

@ಸುಮ್ನೆ_ಬಂದೆ ಕೇಳಿದೆ. ಇಡೀ ದಿನದಲ್ಲಿ ಅದೇ ಚೆನ್ನಾಗಿತ್ತು ಎಂದು ನನ್ನ ಅಭಿಪ್ರಾಯ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ "ದಿ ಮೂನ್‌ಸ್ಟೋನ್" ಬಗ್ಗೆ. ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಇಂಗ್ಲಿಷಿನ ಮೊದಲ ದೊಡ್ಡ ಪತ್ತೇದಾರಿ ಕಾದಂಬರಿ ಎಂದು ಹೆಸರು. ಅದು ಶುರುವಾಗುವುದು ಎಲ್ಲಿ ಗೊತ್ತಾ? ಶ್ರೀರಂಗಪಟ್ಟಣದಲ್ಲಿ! 1799ರ ಮೇ 4, ಕೋಟೆ ಬಿದ್ದ ದಿನ. ಟಿಪ್ಪುವಿನ ಆಯುಧ ಭಂಡಾರದಲ್ಲಿ ಒಂದು ಕಠಾರಿಯ ಹಿಡಿಯಲ್ಲಿದ್ದ ವಜ್ರವನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಹೊಡೆದುಕೊಂಡು ಹೋಗುತ್ತಾನೆ. ಮುಂದೆ ಇಂಗ್ಲೆಂಡಿನ ಒಂದು ಮನೆಯಲ್ಲಿ ಹುಟ್ಟುಹಬ್ಬದ ರಾತ್ರಿ ಆ ವಜ್ರ ಮಾಯ. ಉಳಿದದ್ದು ಓದಿ.

ಮಾತಾಡಿದವರು ಬಾಗಿಲಿನ ಹಸಿ ಬಣ್ಣದ ಮೇಲಿನ ಆ ಒಂದು ಗೀಚಿನ ಬಗ್ಗೆಯೇ ಇಪ್ಪತ್ತು ನಿಮಿಷ ಹೇಳಿದರು. ಯಾರ ಬಟ್ಟೆಗೆ ಆ ಬಣ್ಣ ಹತ್ತಿತು ಎಂಬುದು ಇಡೀ ಕಾದಂಬರಿಯ ಗಂಟು. ಸಭೆಯಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.

ಬೇಲೂರ್_ಬಸ್

ನಮ್ಮಿಂದ ಹೊಡೆದುಕೊಂಡು ಹೋದ ವಜ್ರವನ್ನು ಅವರ ಮನೆಯಿಂದ ಯಾರೋ ಹೊಡೆದರು ಅಂತ ಇಷ್ಟು ದಪ್ಪದ ಪುಸ್ತಕ! ಮೊದಲನೇ ಕಳ್ಳತನಕ್ಕೆ ಪತ್ತೇದಾರ ಬೇಡವಾ?

ಹಳೇಪೇಪರ್

@ಬೇಲೂರ್_ಬಸ್ ಹಾಗೆ ಅನ್ನುವ ಮೊದಲು ಓದಿ. ಕಾಲಿನ್ಸ್ ಆ ಅಧಿಕಾರಿಯನ್ನು ಒಳ್ಳೆಯವನು ಅಂತ ಎಲ್ಲೂ ತೋರಿಸುವುದಿಲ್ಲ. ವಜ್ರ ಕೊನೆಗೆ ಎಲ್ಲಿ ಸೇರುತ್ತದೆ ಎಂಬುದನ್ನೂ ನೋಡಿ. ಆ ಕಾಲಕ್ಕೆ ಸಣ್ಣ ಮಾತಲ್ಲ.

ಕೊನೇಪುಟ

ಮೊದಲ ಪತ್ತೇದಾರಿ ಕಾದಂಬರಿ ಅನ್ನಿ, ಒಪ್ಪುತ್ತೇನೆ. ಮೊದಲ ಪತ್ತೇದಾರಿ ಕಥೆ ಮಾತ್ರ ಎಡ್ಗರ್ ಅಲನ್ ಪೋ ಬರೆದದ್ದು, 1841ರಲ್ಲಿ. ಪ್ಯಾರಿಸ್ಸಿನ ಬೀಗ ಹಾಕಿದ ಕೋಣೆ, ಎರಡು ಹೆಣ, ಡ್ಯೂಪಿನ್ ಎಂಬ ಪತ್ತೇದಾರ. ಶೆರ್ಲಾಕ್ ಹೋಮ್ಸ್ ಹುಟ್ಟಲು ಇನ್ನೂ 46 ವರ್ಷ ಇತ್ತು.

ಹೋಮ್ಸ್ ಅಂದ ಮೇಲೆ ನೆನಪಾಯಿತು. ಕ್ವಿಜ್ಜಿನಲ್ಲಿ "ಕಾನನ್ ಡಾಯ್ಲ್ ಬರೆದ ಹೋಮ್ಸ್ ಕಥೆಗಳು ಎಷ್ಟು" ಎಂದು ಕೇಳಿ 56 ಸರಿ ಎಂದರು. 56 ಸಣ್ಣ ಕಥೆ, ಜೊತೆಗೆ 4 ಕಾದಂಬರಿ. ಒಟ್ಟು 60. ನಾನು 60 ಎಂದೆ, ಅಂಕ ಕೊಡಲಿಲ್ಲ. ಒಂದು ಅಂಕದಲ್ಲಿ ಕಾಫಿಪುಡಿ ಪ್ಯಾಕೆಟ್ ಹೋಯಿತು.

ನೀರ್ದೋಸೆ

ಕಾಫಿಪುಡಿ ಹೋಗಿದ್ದಕ್ಕೇ ಇಷ್ಟು ಸಿಟ್ಟು ಅಂತ ಈಗ ಗೊತ್ತಾಯಿತು 😄

ಮಿಸ್_ಮಲ್ನಾಡ್

ನನಗೆ ಬೇಜಾರಾಗಿದ್ದು ಬೇರೆ. ಒಬ್ಬರು ಹೋಮ್ಸಿನ 1892ರ ಆ ಹಾವಿನ ಕಥೆಯನ್ನು ನಾಟಕದ ಥರ ಓದಿದರಲ್ಲ, ಅದ್ಭುತವಾಗಿ ಓದಿದರು. ಲೈಟ್ ಆರಿಸಿ, ಬರೀ ಒಂದು ಸೀಟಿ. ನನ್ನ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆದರೆ ಹಿಂದಿನ ಸಾಲಿನಲ್ಲಿದ್ದ ಮೂಡಿಗೆರೆಯ ಹಿರಿಯರೊಬ್ಬರು "ಹಾವು ಹಾಲು ಕುಡಿಯಲ್ಲ ಕಣ್ರೀ" ಅಂತ ಅಲ್ಲೇ ಶುರುಮಾಡಿದರು. ಇಡೀ ಮಜಾ ಹೋಯಿತು.

ಕಾಡುದಾರಿ

ಆ ಹಿರಿಯ ನಾನಲ್ಲ, ಆದರೆ ಅವರು ಹೇಳಿದ್ದು ಸರಿ. ಹಾವಿನ ಆಹಾರ ಹಾಲಲ್ಲ. ಅದಕ್ಕೆ ಹೊರಗಿವಿ ಇಲ್ಲ, ನೆಲದ ಅದುರು ಚೆನ್ನಾಗಿ ತಿಳಿಯುತ್ತದೆ. ಸೀಟಿ ಹೊಡೆದರೆ ವಾಪಸ್ ಬಾ ಅಂತ ಅದಕ್ಕೆ ಕಲಿಸಲು ಆಗುವುದಿಲ್ಲ. ಕಥೆಯಲ್ಲಿ ಹೇಳುವ ಹೆಸರಿನ ಹಾವು ಇಂಡಿಯಾದಲ್ಲಿ ಎಲ್ಲೂ ಇಲ್ಲ. ನಮ್ಮ ತೋಟದ ಕಣದಲ್ಲಿ ಕೇರೆ ಹಾವು ಬಂದರೆ ಆಳುಗಳು ಹುಶ್ ಹುಶ್ ಅಂದು ದಾರಿ ಬಿಡುತ್ತಾರೆ. ಅದಕ್ಕೆ ಹಗ್ಗ ಹತ್ತಿ ಇಳಿಯುವ ಡ್ಯೂಟಿ ಯಾರೂ ಕೊಡುವುದಿಲ್ಲ.

ಆದರೂ ಆ ಕಥೆ ನನಗೆ ಇಷ್ಟ. ಅಲುಗಾಡದ ಹಾಗೆ ನೆಲಕ್ಕೆ ಮೊಳೆ ಹೊಡೆದ ಮಂಚ ಅಂತ ಬಂದ ಕೂಡಲೇ ಮೈ ಜುಮ್ ಅನ್ನುತ್ತದೆ. ಅಲ್ಲಿಂದ ಮುಂದೆ ಹಾವು ಹಾಲು ಕುಡಿದರೂ ಸರಿ, ಕಾಫಿ ಕುಡಿದರೂ ಸರಿ.

ಸುಮ್ನೆ_ಬಂದೆ

ನಾನು ಆ ಕಥೆ ಓದಿರಲಿಲ್ಲ. ಥ್ಯಾಂಕ್ಸ್ ಎಲ್ಲರಿಗೂ. 🙏

ವೇದಿಕೆ_ಕಾವಲು

ಕೊಲೆಗಾರ ಯಾರು ಎಂದು ನೇರವಾಗಿ ಬರೆಯುವವರು ಮೇಲೆ ಒಂದು ಎಚ್ಚರಿಕೆ ಹಾಕಿ. ಪುಸ್ತಕಕ್ಕೆ ನೂರು ವರ್ಷ ಆಗಿದ್ದರೂ ಓದುವವರಿಗೆ ಅದು ಇವತ್ತೇ ಹೊಸದು. ಯಾರೋ ಕ್ರಿಸ್ಟಿಯ 1926ರ ಕಾದಂಬರಿಯ ಗುಟ್ಟು ಹಾಕಿದ್ದರು, ತೆಗೆದಿದ್ದೇನೆ.

ಕೊನೇಪುಟ

@ವೇದಿಕೆ_ಕಾವಲು ತೆಗೆದದ್ದು ಒಳ್ಳೆಯದಾಯಿತು. ಆದರೆ ಆ ಕಾದಂಬರಿ ಈ ಚರ್ಚೆಗೆ ಬೇಕೇಬೇಕು. ಗುಟ್ಟು ಬಿಡದೆ ಹೇಳುತ್ತೇನೆ. ಅದು ಬಂದಾಗಲೂ ಓದುಗರು "ಮೋಸ ಮೋಸ" ಅಂತಲೇ ಕೂಗಿದ್ದರು. ಪತ್ತೇದಾರಿ ಲೇಖಕಿ ಡೊರೊತಿ ಸೇಯರ್ಸ್ ಮಾತ್ರ ಕ್ರಿಸ್ಟಿಯ ಪರ ನಿಂತರು. ಎಲ್ಲರನ್ನೂ ಸಂಶಯಪಡುವುದು ಓದುಗನ ಕೆಲಸ ಎಂಬುದು ಅವರ ವಾದ. ಈಗ ಅದೇ ಕಾದಂಬರಿಯನ್ನು ಎರಡನೇ ಸಲ ಓದಿ ನೋಡಿ. ಒಂದು ಸಾಲೂ ಸುಳ್ಳಿಲ್ಲ. ಎಲ್ಲ ಕಣ್ಣ ಮುಂದೆಯೇ ಇದೆ.

ಹಾಸನದವರೂ ಆ ಸೋದರಳಿಯನ ಹೇಳಿಕೆ ಇನ್ನೊಂದು ಸಲ ಓದಲಿ. ಬೆಂಗಳೂರಿನವನು ಹೂವಿನ ಬಗ್ಗೆ ಯಾಕೆ ಇಷ್ಟು ಹೇಳಿದ? ಕೇಳದೇ ಇದ್ದ ವಿವರ ಹೇಳಿದವನ ಮೇಲೆ ಕಣ್ಣಿಡಬೇಕು. ಅದಕ್ಕೆ ಕಾಫಿ ತೋಟ ಇರಬೇಕಾಗಿಲ್ಲ.

ಹಾಸನದ_ಓದುಗ

ಕಾಫಿ ಹೂವಿನ ಫೋಟೋ ಹಾಕದ ಬೆಂಗಳೂರಿನವನನ್ನು ತೋರಿಸಿ ನೋಡೋಣ. ಸಹಜವಾಗಿ ಹೇಳಿದ ಅಂದುಕೊಂಡೆವು.

ಕೊಲೆ_ಬರೆದವಳು

ನಮಸ್ಕಾರ. ಆಟ ಬರೆದವಳು ನಾನೇ. ಎರಡು ದಿನದಿಂದ ಓದುತ್ತಾ ಸುಮ್ಮನಿದ್ದೆ. ಇನ್ನು ಆಗಲ್ಲ.

@ಗಿರಿ_ಕೆಳಗಿನವ ಸರ್, ಸ್ಪ್ರಿಂಕ್ಲರ್ ವಿಷಯ ನನಗೂ ಹೊಳೆದಿತ್ತು. ನಮ್ಮದೂ ತೋಟದ ಮನೆಯೇ. ಅದಕ್ಕೇ ಮೇಸ್ತ್ರಿಯ ಹೇಳಿಕೆಯಲ್ಲಿ ಒಂದು ಸಾಲು ಇದೆ: "ಶಿವರಾತ್ರಿ ಹೊತ್ತಿಗೆ ಮೋಟರ್ ಸುಟ್ಟುಹೋಗಿ ರಿವೈಂಡಿಂಗ್‌ಗೆ ಪೇಟೆಗೆ ಕಳಿಸಿದ್ದು ಇನ್ನೂ ಬಂದಿಲ್ಲ, ಕುಡಿಯುವ ನೀರನ್ನೂ ಹೊತ್ತು ತರುತ್ತಿದ್ದೇವೆ." ಎಲ್ಲರೂ ಅದನ್ನು ಮೇಸ್ತ್ರಿಯ ಗೊಣಗಾಟ ಅಂತ ಹಾರಿಸಿದರು. ನನಗೆ ಬೇಕಿದ್ದೂ ಅದೇ. ಮೋಟರ್ ಇಲ್ಲ ಅಂದರೆ ನೀರಿಲ್ಲ, ನೀರಿಲ್ಲ ಅಂದರೆ ಮಳೆಗೆ ಮೊದಲು ಹೂ ಇಲ್ಲ.

@ಹಾಸನದ_ಓದುಗ ಸರ್, ಮಳೆಗೂ ಹೂವಿಗೂ ಇರುವ ಲೆಕ್ಕ ಸಭಾಂಗಣದಲ್ಲೇ ಇತ್ತು. ತಿಂಡಿ ಕೌಂಟರ್ ಪಕ್ಕದ ಗೋಡೆಯ ಮೇಲೆ ಕಾಫಿ ಬೆಳೆಯ ಚಿತ್ರಪಟ ನೋಡಿದಿರಾ? ಹೂ ಮಳೆ, ಎಂಟು ಹತ್ತು ದಿನಕ್ಕೆ ಹೂವು, ಆಮೇಲೆ ಬ್ಯಾಕಿಂಗ್ ಮಳೆ (ಹೂವಿನ ನಂತರ ಬೇಕಾದ ಎರಡನೇ ಮಳೆ), ಕಾಯಿ, ಕೊಯ್ಲು. ಅಲಂಕಾರಕ್ಕೆ ಹಾಕಿದ್ದಲ್ಲ.

ಹಾಸನದ_ಓದುಗ

ಗೋಡೆ ಮೇಲಾ! ಲಕೋಟೆಯಲ್ಲಿ ಇರಬೇಕಾದದ್ದನ್ನು ಇಡ್ಲಿ ವಡೆ ಪಕ್ಕ ನೇತುಹಾಕಿ ನ್ಯಾಯ ಅನ್ನುತ್ತೀರಾ ಮೇಡಂ? ಅಲ್ಲಿ ಜನ ತಟ್ಟೆ ನೋಡುತ್ತಾರೋ ಗೋಡೆ ನೋಡುತ್ತಾರೋ?

ಮಿಸ್_ಮಲ್ನಾಡ್

ಅಯ್ಯೋ ಇದು ಸೂಪರ್. ನಾನು ಆ ಚಿತ್ರಪಟದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಸುಳಿವಿನ ಜೊತೆ ಸೆಲ್ಫಿ!

ಮಾತ್ರೆಚೀಟಿ

ಎಲ್ಲರಿಗೂ ಹೇಳಬೇಕಿತ್ತು, "ಸುಳಿವು ಲಕೋಟೆಯ ಹೊರಗೂ ಇರಬಹುದು" ಅಂತ ಒಂದೇ ಮಾತು. ಎಲರಿ ಕ್ವೀನ್ ಹೆಸರಿನಲ್ಲಿ ಬರೆಯುತ್ತಿದ್ದ ಅಣ್ಣತಮ್ಮಂದಿರು ತಮ್ಮ ಮೊದಮೊದಲ ಕಾದಂಬರಿಗಳಲ್ಲಿ ಕೊನೆಗೆ ಮೊದಲು ಕಥೆ ನಿಲ್ಲಿಸಿ ಓದುಗನಿಗೆ ಸವಾಲು ಹಾಕುತ್ತಿದ್ದರು: ಬೇಕಾದ್ದೆಲ್ಲ ಈಗ ನಿಮ್ಮ ಹತ್ತಿರ ಇದೆ, ಹೇಳಿ ನೋಡೋಣ ಎಂದು. ಆ ಮಾತು ಹೇಳಿದ ಮೇಲೆ ಹೊಸದೇನನ್ನೂ ತರುವಂತಿಲ್ಲ.

ಕೊನೇಪುಟ

ಅವರು ಅಣ್ಣತಮ್ಮಂದಿರಲ್ಲ, ಕಸಿನ್‌ಗಳು. ಡ್ಯಾನೇ ಮತ್ತು ಲೀ. ಮಾತು ಮಾತ್ರ ಸರಿ.

ಮಾತ್ರೆಚೀಟಿ

ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮಕ್ಕಳೂ ಅಣ್ಣತಮ್ಮಂದಿರೇ. 60 ಅಂಕದವರು ಸ್ವಲ್ಪ ಸುಮ್ಮನಿರಿ.

ಬೇಲೂರ್_ಬಸ್

ಬೀಗ ಹಾಕಿದ ಕೋಣೆಯ ಕಥೆಗಳ ಬಗ್ಗೆಯೂ ಮಾತು ಇತ್ತಲ್ಲ. ಜಾನ್ ಡಿಕ್ಸನ್ ಕಾರ್ 1935ರ ಒಂದು ಕಾದಂಬರಿಯಲ್ಲಿ ಕಥೆಯನ್ನೇ ನಿಲ್ಲಿಸಿ, ಬೀಗ ಹಾಕಿದ ಕೋಣೆಯಲ್ಲಿ ಎಷ್ಟು ಥರ ಕೊಲೆ ಮಾಡಬಹುದು ಅಂತ ಪತ್ತೇದಾರನಿಂದ ಒಂದು ಅಧ್ಯಾಯ ಪಾಠ ಮಾಡಿಸಿದ್ದಾನಂತೆ. ಕೇಳುವಾಗ ನನಗೆ ನಮ್ಮ ಹಾಸನಾಂಬೆ ಗುಡಿ ನೆನಪಾಯಿತು. ವರ್ಷಕ್ಕೊಮ್ಮೆ ಬಾಗಿಲು ತೆರೆಯುವುದು, ಹಚ್ಚಿಟ್ಟ ದೀಪ ಆರಿರುವುದಿಲ್ಲ ಅನ್ನುವುದು. ಇದಕ್ಕಿಂತ ದೊಡ್ಡ ಬೀಗದ ಕೋಣೆ ಕಥೆ ಯಾವುದಿದೆ?

ದೀಪದ_ಮನೆ

ಅದು ನಮ್ಮ ನಂಬಿಕೆ. ಅದನ್ನು ಪತ್ತೇದಾರಿ ಆಟಕ್ಕೆ ಎಳೆಯಬೇಡಿ.

ಬೇಲೂರ್_ಬಸ್

ಎಳೆಯಲಿಲ್ಲ ಅಕ್ಕಾ. ಪ್ರತಿವರ್ಷ ಸಾಲಿನಲ್ಲಿ ನಿಲ್ಲುವವನು ನಾನೂ.

ಹಳೇಪೇಪರ್

ಇದಕ್ಕೆ ಸಂಬಂಧಪಟ್ಟ ಒಂದು ಸ್ವಾರಸ್ಯ. 1930ರಲ್ಲಿ ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರು ಒಂದು ಕ್ಲಬ್ ಕಟ್ಟಿದರು. ಚೆಸ್ಟರ್ಟನ್ ಮೊದಲ ಅಧ್ಯಕ್ಷರು. ಹೊಸ ಸದಸ್ಯರು ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕಿತ್ತು: ದೇವರು ಕನಸಿನಲ್ಲಿ ಬಂದು ಹೇಳಿದ ಅಂತಲೋ, ಹೆಂಗಸಿಗೆ ಒಳಮನಸ್ಸಿನಲ್ಲಿ ಹೊಳೆಯಿತು ಅಂತಲೋ, ಕಾಕತಾಳೀಯ ಅಂತಲೋ ಕೇಸು ಬಿಡಿಸುವುದಿಲ್ಲ ಎಂದು. ನಮ್ಮ ಕಡೆ ಬರೆಯುವವರಾದರೆ ಜ್ಯೋತಿಷ್ಯ, ಕವಡೆ, ಮೈಮೇಲೆ ಬರುವುದು ಮೂರನ್ನೂ ಸೇರಿಸಿ ಪ್ರಮಾಣ ಮಾಡಿಸಬೇಕು.

ನೀರ್ದೋಸೆ

ನನಗೆ ಒಂದು ದೂರು ಇದೆ. ಚಿಕ್ಕಮಗಳೂರಿನಲ್ಲಿ ಹಬ್ಬ ಮಾಡಿ ತೇಜಸ್ವಿಯವರ ಬಗ್ಗೆ ಒಂದೇ ಒಂದು ಮಾತು ಇಲ್ಲ! "ಚಿದಂಬರ ರಹಸ್ಯ" ಪತ್ತೇದಾರಿ ಕಾದಂಬರಿ ಅಲ್ವಾ? ಏಲಕ್ಕಿ ವಿಜ್ಞಾನಿಯ ಸಾವು, ಅಂಗಡಿ ಎಂಬ ಗುಪ್ತಚರ ಇಲಾಖೆಯ ಅಧಿಕಾರಿ, ಕೆಸರೂರು. ಇನ್ನೇನು ಬೇಕು?

ಕೊನೇಪುಟ

ಅಲ್ಲ. ಸಾವು ಇದೆ, ತನಿಖೆ ಇದೆ, ಗುಟ್ಟು ಇದೆ. ಆದರೆ ಕೊಲೆಗಾರ ಇಂಥವನು ಅಂತ ಬೆರಳು ತೋರಿಸಿ ಮುಗಿಯುವ ಪುಸ್ತಕ ಅಲ್ಲ ಅದು. ಅದರ ಕಣ್ಣು ಊರಿನ ಮೇಲೆ, ಕಾಡಿನ ಮೇಲೆ, ಜಾತಿಯ ಮೇಲೆ. ಪತ್ತೇದಾರಿ ಕಥೆಯ ಅಂಗಿ ಹಾಕಿಕೊಂಡು ಬಂದ ಬೇರೆ ಪುಸ್ತಕ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿ ಅಂದುಕೊಂಡಿದ್ದರೆ ಕೊಡುತ್ತಿದ್ದರಾ?

ನೀರ್ದೋಸೆ

ಅಂದರೆ ಪ್ರಶಸ್ತಿ ಬಂದರೆ ಪತ್ತೇದಾರಿ ಅಲ್ಲ! ಒಳ್ಳೇ ನ್ಯಾಯ ನಿಮ್ಮದು.

ಕಾಡುದಾರಿ

ನನ್ನನ್ನು ಕೇಳಿದರೆ ಅವರ ಅಸಲಿ ಪತ್ತೇದಾರಿ ಕಾದಂಬರಿ "ಕರ್ವಾಲೊ". ಹುಡುಕುತ್ತಿರುವುದು ಕೊಲೆಗಾರನನ್ನಲ್ಲ, ಹಾರುವ ಓತಿಯನ್ನು. ಕರ್ವಾಲೊ ಪತ್ತೇದಾರ, ಕಥೆ ಹೇಳುವವನು ಹೋಮ್ಸಿನ ಗೆಳೆಯ ವಾಟ್ಸನ್ ಥರ, ಸುಳಿವು ಕೊಡುವವನು ಮಂದಣ್ಣ. ಮಂದಣ್ಣ ಎಲ್ಲ ಕಂಡಿದ್ದಾನೆ, ಆದರೆ ತಾನು ಕಂಡದ್ದು ಏನು ಅಂತ ಅವನಿಗೆ ಗೊತ್ತಿಲ್ಲ. ಪೂರ್ತಿ ಹೋಮ್ಸ್ ಲೆಕ್ಕವೇ ಅಲ್ವಾ? ಕೊನೆಗೆ ಆರೋಪಿ ಕಣ್ಣೆದುರಿಗೇ ಹಾರಿ ತಪ್ಪಿಸಿಕೊಳ್ಳುವುದು ಬೇರೆ.

ಮಿಸ್_ಮಲ್ನಾಡ್

ಮಂದಣ್ಣನ ಮಾತು ಬಂದಿದ್ದಕ್ಕೆ ಈ ಚರ್ಚೆಗೆ ನನ್ನ ಎಲ್ಲ ಲೈಕ್.

ಎಸ್ಟೇಟ್_ರೈಟರ್

ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಯಾರೂ ಎತ್ತಲೇ ಇಲ್ಲವಲ್ಲ. ನಮ್ಮ ತಲೆಮಾರಿಗೆ ಪತ್ತೇದಾರ ಅಂದರೆ ಪುರುಷೋತ್ತಮ. ನೂರಾರು ಕಾದಂಬರಿ ಬರೆದರು. ನಮ್ಮೂರಿನಲ್ಲಿ ಬಾಡಿಗೆ ಲೈಬ್ರರಿ ಇತ್ತು. ಸೈಕಲ್ ಶಾಪಿನ ಪಕ್ಕದ ತಗಡಿನ ಶೆಡ್ಡು. ದಿನಕ್ಕೆ ಇಷ್ಟು ಪೈಸೆ ಅಂತ ಬಾಡಿಗೆ. ಒಂದೇ ಪುಸ್ತಕವನ್ನು ತೋಟದ ಆಳುಗಳ ಲೈನಿನ ಮನೆಗಳಲ್ಲಿ ಹತ್ತು ಜನ ಓದುತ್ತಿದ್ದೆವು. ಓದು ಬಾರದವರಿಗೆ ರಾತ್ರಿ ಒಬ್ಬ ಜೋರಾಗಿ ಓದಿ ಹೇಳುವುದು.

ಅದರಲ್ಲೊಬ್ಬ ಕಿಡಿಗೇಡಿ ಇದ್ದ. ಮೊದಲ ಪುಟದಲ್ಲಿ ಪೆನ್ಸಿಲ್ಲಿನಲ್ಲಿ "ಕೊಲೆಗಾರ ಇಂಥವನು" ಅಂತ ಬರೆದು ವಾಪಸ್ ಕೊಡುತ್ತಿದ್ದ. ನಾವೆಲ್ಲ ಶಾಪ ಹಾಕಿಕೊಂಡು ಓದುವುದು, ಕೊನೆಗೆ ನೋಡಿದರೆ ಕೊಲೆಗಾರ ಬೇರೆಯವನು! ಬೇಕಂತಲೇ ತಪ್ಪು ಹೆಸರು ಬರೆಯುತ್ತಿದ್ದ. ಆಮೇಲಾಮೇಲೆ ನಾವು ಪುಸ್ತಕಕ್ಕಿಂತ ಮೊದಲು ಅವನ ಪೆನ್ಸಿಲ್ ಹುಡುಕುವುದಾಯಿತು. ಅವನು ಬರೆದವನೊಬ್ಬನನ್ನು ಬಿಟ್ಟು ಉಳಿದವರ ಮೇಲೆ ಸಂಶಯ. ಅದು ಗೊತ್ತಾಗಿ ಒಂದು ಪುಸ್ತಕದಲ್ಲಿ ಸರಿಯಾದ ಹೆಸರನ್ನೇ ಬರೆದುಬಿಟ್ಟ.

ಸುಮ್ನೆ_ಬಂದೆ

@ಎಸ್ಟೇಟ್_ರೈಟರ್ ಈ ಮನುಷ್ಯ ಕಾದಂಬರಿ ಬರೆಯಬೇಕಿತ್ತು ಸರ್.

ಅಂಗಡಿಯಲ್ಲಿ ನನಗೆ ಟಿ.ಕೆ. ರಾಮರಾವ್ ಅವರ ಒಂದು ಹಳೇ ಕಾದಂಬರಿ ಸಿಕ್ಕಿತು. "ಬಂಗಾರದ ಮನುಷ್ಯ" ಬರೆದವರೇ ಇಷ್ಟು ಕುತೂಹಲದ ಕೊಲೆ ಕಥೆಗಳನ್ನೂ ಬರೆದಿದ್ದರು ಅಂತ ಪಕ್ಕದ ಹುಡುಗರಿಗೆ ಹೇಳಿದರೆ ನಂಬಲಿಲ್ಲ. ಬೈಂಡು ಬಿಚ್ಚಿದೆ, ಪುಟ ಎಲ್ಲ ಇದೆ. 60 ರೂಪಾಯಿ.

ಗಿರಿ_ಕೆಳಗಿನವ

ತೇಜಸ್ವಿ, ಪುರುಷೋತ್ತಮ ಎಲ್ಲ ಆಯಿತು. ನನ್ನ ಕಕ್ಷಿದಾರನನ್ನು ಮರೆತಿರಾ? @ಕೊಲೆ_ಬರೆದವಳು ಮೇಡಂ, ಮೋಟರ್ ಸುಟ್ಟಿತ್ತು, ಒಪ್ಪಿದೆ. ಡೀಸೆಲ್ ಪಂಪ್ ಯಾಕಿರಬಾರದು? ಟ್ರಂಕ್ ಕಾಲ್ ಕಾಲದಲ್ಲಿ ಕರೆಂಟನ್ನು ಯಾರು ನಂಬುತ್ತಿದ್ದರು? ನಮ್ಮಪ್ಪ ಹಳ್ಳಕ್ಕೆ ಡೀಸೆಲ್ ಪಂಪ್ ಇಟ್ಟು ರಾತ್ರಿಯೆಲ್ಲ ನೀರು ಹೊಡೆಸಿದ್ದು ನನಗೆ ಚೆನ್ನಾಗಿ ನೆನಪಿದೆ. ಮೋಟರ್ ಹೋದ ಕೂಡಲೇ ಬಾಡಿಗೆಗಾದರೂ ತರುತ್ತಿದ್ದರು. ಹೂವಿನ ಟೈಮಿನಲ್ಲಿ ಕೈಕಟ್ಟಿ ಕೂರುವ ಸಾಹುಕಾರ ಯಾರಿದ್ದಾನೆ?

ಹಾಸನದ_ಓದುಗ

ಕೇಸು ಬಿದ್ದುಹೋಯಿತು. ನಮ್ಮ ಟೇಬಲ್ಲಿಗೂ ಅಂಕ ಕೊಡಿ.

ಎಸ್ಟೇಟ್_ರೈಟರ್

ತಡೀರಿ. ಡೀಸೆಲ್ ತರಿಸಿದ್ದರೆ ರೈಟರ ಲೆಕ್ಕಕ್ಕೆ ಬಂದೇ ಬರಬೇಕು. ಬ್ಯಾರಲ್ ಎಷ್ಟು, ಗಾಡಿ ಬಾಡಿಗೆ ಎಷ್ಟು, ರಾತ್ರಿ ಪೈಪ್ ಬದಲಾಯಿಸಿದ ಆಳುಗಳಿಗೆ ಎಷ್ಟು. ನಾವು ಬರೆಯದೆ ಒಂದು ಲೀಟರ್ ಒಳಗೆ ಬರಲ್ಲ. ಖರ್ಚಿನ ಪುಟ ಎಲ್ಲಿದೆ ಮೇಡಂ?

ಕೊಲೆ_ಬರೆದವಳು

ಬಟವಾಡೆ ಪುಟದ ಹಿಂಬದಿಯಲ್ಲಿ ಇದೆ ಸರ್. ಮಾರ್ಚ್ ತಿಂಗಳ ಖರ್ಚು, ಹದಿನಾಲ್ಕು ಸಾಲು. ಗೊಬ್ಬರ ಇದೆ, ಮರಕಸಿ (ನೆರಳಿನ ಮರದ ಕೊಂಬೆ ಕಡಿಯುವ) ಕೂಲಿ ಇದೆ, ಮೋಟರ್ ಸಾಗಿಸಿದ ಗಾಡಿ ಬಾಡಿಗೆ ಇದೆ. ಡೀಸೆಲ್ ಇಲ್ಲ, ಪಂಪ್ ಬಾಡಿಗೆಯೂ ಇಲ್ಲ.

ಎಸ್ಟೇಟ್_ರೈಟರ್

ನೋಡಿದಿರಾ! ರೈಟರ ಪುಸ್ತಕವೇ ಕೊನೆಗೆ ಕೆಲಸಕ್ಕೆ ಬಂದದ್ದು.

ಗಿರಿ_ಕೆಳಗಿನವ

ಪಕ್ಕದ ತೋಟದವರ ಸ್ಪ್ರಿಂಕ್ಲರ್ ಬೇಲಿ ದಾಟಿ ಬಿದ್ದಿರಬಹುದು.

ನೀರ್ದೋಸೆ

ಯಜಮಾನರೇ, "ತೋಟವೆಲ್ಲ" ಅಂದಿದ್ದಾನೆ ಅವನು. ಪಕ್ಕದವರ ಪೈಪಿಗೆ ಇಡೀ ತೋಟ ನೆನೆಯುತ್ತಾ? ಬಿಡಿ ಸಾಕು.

ಹಾಸನದ_ಓದುಗ

ಒಂದು ನಿಮಿಷ. ಹಿಂಬದಿಯಲ್ಲೂ ಪ್ರಿಂಟ್ ಇತ್ತಾ? ನಮ್ಮ ಲಕೋಟೆಯಲ್ಲಿ ಇದ್ದದ್ದು ಜೆರಾಕ್ಸ್, ಒಂದೇ ಕಡೆ. ಹಿಂದೆ ಖಾಲಿ. ಅದರ ಮೇಲೆ ನಾವು ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಅಂತ ಪಟ್ಟಿ ಹಾಕಿಕೊಂಡಿದ್ದೆವು. ಹಾಳೆ ಇನ್ನೂ ಬ್ಯಾಗಿನಲ್ಲೇ ಇದೆ. ರಾತ್ರಿ ಫೋಟೋ ಹಾಕುತ್ತೇನೆ.

ಕೊಲೆ_ಬರೆದವಳು

ಹಾಕಿ ಸರ್. ಎರಡೂ ಕಡೆಯದು ಹಾಕಿ. ಜೆರಾಕ್ಸ್ ಮಾಡಿಸಿದ್ದು ನನ್ನ ತಮ್ಮ, ಅವನನ್ನೂ ಇಲ್ಲಿಗೆ ಕರೆಯುತ್ತೇನೆ.